ಒಂದೇ ತಾರಸಿಯ ಬೆಳ್ಳಕ್ಕಿಗಳು

ಬೆಳ್ಳಕ್ಕಿಗಳಿಗೂ ನನಗೂ ಹುಟ್ಟಾ ಹಗೆತನವೇನೂ ಇಲ್ಲ. ಕೆರೆ ಏರಿಯ ಮೇಲೋ ಎಮ್ಮೆಯ ಬೆನ್ನ ಮೇಲೋ ಕೂತಿದ್ದರೆ ನೋಡಲು ಚೆನ್ನ, ನಾನೂ ನಿಂತು ನೋಡುತ್ತೇನೆ. ಆದರೆ ನಾನು ಹಪ್ಪಳ ಮಾಡಿ ಮಾರುವವಳು. ನಮ್ಮೂರಿನಲ್ಲಿ ಹಪ್ಪಳ ಒಣಗುವಂಥ ಗಟ್ಟಿ ಬಿಸಿಲು ಬೀಳುವುದು ಬೇಸಿಗೆಯ ಕೊನೆಗೆ. ಮಕ್ಕಳು ಆಚೆಯೂರಿನ ದೊಡ್ಡ ಕಾಲೇಜಿನ ಸ್ಕಾಲರ್‌ಶಿಪ್ಪಿಗೂ ಆನರ್ಸ್ ತರಗತಿಗೂ ಅರ್ಜಿ ಹಾಕುವುದು ಆಗಲೇ. ಅರ್ಜಿ ಹಾಕಿದವರ ಮನೆಯ ಮೇಲೆ ಬೆಳ್ಳಕ್ಕಿಗಳು ಬಂದು ಕೂರುವುದೂ ಆಗಲೇ. ಹೆಚ್ಚು ಹಕ್ಕಿ ಕೂತರೆ ಹೆಚ್ಚು ಆಸೆ, ಕಡಿಮೆ ಕೂತರೆ ಕಡಿಮೆ, ಕೂರದಿದ್ದರೆ ಇಲ್ಲ. ಇಷ್ಟೇ ವಿಷಯ. ಕೂತ ಹಕ್ಕಿ ಸುಮ್ಮನೆ ಕೂತಿರುತ್ತದೆಯೇ? ಅಕ್ಕಪಕ್ಕದ ಸೂರಿನದಾದರೂ ಹಾರಾಡುತ್ತಾ, ಕೆಳಗೆ ಚಾಪೆಯ ಮೇಲೆ ನಾನು ಹರಡಿದ ಹಪ್ಪಳಕ್ಕೆ ಹಿಕ್ಕೆ ಹಾಕುತ್ತದೆ. ಯಾರದೋ ಮಗ ಗಣಿತದಲ್ಲಿ ಜಾಣನಾದರೆ ನನ್ನ ಒಂದು ದಿನದ ದುಡಿಮೆ ಮಣ್ಣುಪಾಲು.

ಊರಿನವರು ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದರು. ಹಕ್ಕಿಗಳನ್ನು ಎಣಿಸಬಾರದು, ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಒಂದು ಕಟ್ಟುಪಾಡು. ಹಾಗಾಗಿ ತಾರಸಿಯ ಮೋಟುಗೋಡೆಯೇ ಅಳತೆಗೋಲು. ಒಂದು ಗೋಡೆ ತುಂಬ, ಅರ್ಧ ಗೋಡೆ, ಅಲ್ಲೊಂದು ಇಲ್ಲೊಂದು. ಅಂಗಡಿಯಲ್ಲಿ ಬೆಲ್ಲ ಕಟ್ಟಿಸಿಕೊಳ್ಳುತ್ತಾ, ನಿಮ್ಮ ಹುಡುಗಂದು ಎಷ್ಟು ಗೋಡೆ ಎಂದು ಕೇಳುವವರೇ ಎಲ್ಲ. ಮನೆಪಾಠದ ಮೇಷ್ಟರಿಗೂ ಅದು ಸುಗ್ಗಿ. ಹಕ್ಕಿ ಕೂತರೆ ಪಾಠದ ಮಹಿಮೆ, ಕೂರದಿದ್ದರೆ ಮನೆಯ ದಿಕ್ಕು ಸರಿಯಿಲ್ಲ. ಒಂದು ವರ್ಷ ಪುರೋಹಿತರ ಮನೆಯವರು ಮಗನ ಸಲುವಾಗಿ ಮಡಿ ಮೈಲಿಗೆಯನ್ನೆಲ್ಲ ಗಂಟು ಕಟ್ಟಿಟ್ಟು, ಕತ್ತಲಾದ ಮೇಲೆ ಕದ್ದು ತರಿಸಿದ ಮೀನನ್ನು ತಾರಸಿಯಲ್ಲಿ ಹರಡಿಸಿದ್ದರು. ಸುತ್ತಲ ಬೀದಿಗಳ ಬೆಕ್ಕುಗಳೆಲ್ಲ ಬಂದವು, ಬೆಳ್ಳಕ್ಕಿ ಬರಲಿಲ್ಲ. ಇನ್ನೊಬ್ಬ ಪುಣ್ಯಾತ್ಮ ಪಕ್ಕದ ಮನೆಯ ಹಕ್ಕಿ ಓಡಿಸಲು ಪಟಾಕಿ ಹಚ್ಚಿದ. ಎದ್ದವು, ಒಂದು ಸುತ್ತು ಹಾರಿದವು, ಮತ್ತೆ ಅಲ್ಲೇ ಕೂತವು. ಅವು ಓದುವ ಮಕ್ಕಳ ಬೆನ್ನು ಹತ್ತಿ ಬೀದಿ ಸುತ್ತುವುದಿಲ್ಲ. ಆ ಮಗು ರಾತ್ರಿ ಯಾವ ಸೂರಿನ ಕೆಳಗೆ ಮಲಗುತ್ತದೋ ಆ ಸೂರನ್ನು ಹಿಡಿದು ಕೂರುತ್ತವೆ.

ಕಾಲೇಜಿನ ಸಂದರ್ಶನಕ್ಕೆ ಕೆಲವು ದಿನ ಮುಂಚೆ ನಮ್ಮ ಹೆಡ್‌ಮಾಸ್ತರರು ಕೊಡೆ ಬಿಚ್ಚಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಬಿಸಿಲಿಗಲ್ಲ, ಹಿಕ್ಕೆಗೆ. ಕೊಡೆಯ ಅಂಚಿನಿಂದ ಕತ್ತು ಹೊರಹಾಕಿ ಸೂರು ಸೂರು ನೋಡಿಕೊಂಡು, ಹಕ್ಕಿ ಕೂತ ಮನೆಯ ಮಕ್ಕಳಿಗೆ ಆಚೆಯೂರಿನ ಬಸ್ಸಿನಲ್ಲಿ ಜಾಗ ಗೊತ್ತುಮಾಡುತ್ತಿದ್ದರು. ಬರಿ ಸೂರಿನವರು ಹೋಗುತ್ತಿರಲಿಲ್ಲ. ಯಾರೂ ಬೇಡ ಎಂದು ಬಾಗಿಲಲ್ಲಿ ಅಡ್ಡ ನಿಲ್ಲುತ್ತಿರಲಿಲ್ಲ, ಆದರೆ ಯಾರೂ ಹೋಗುತ್ತಿರಲಿಲ್ಲ. ಹಕ್ಕಿಯಿಲ್ಲದೆ ಗೆದ್ದವರನ್ನು ಈ ಊರು ಕಂಡಿಲ್ಲ ಎಂದು ಹೆಡ್‌ಮಾಸ್ತರರು ಬೇಸರದಿಂದಲೇ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಸುಮ್ಮನೆ ಆಸೆ ಹುಟ್ಟಿಸಿ ಮಕ್ಕಳನ್ನು ನೋಯಿಸಬಾರದು ಎನ್ನುವುದು ಅವರ ಮನಸ್ಸಿನಲ್ಲಿತ್ತು.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಎನ್ನುವುದು ಬಾಯಿಮಾತಿಗೆ. ಮನೆ ವಿಶಾಲಮ್ಮನವರದು. ಮಹಡಿಯಲ್ಲಿ ಅವರು, ಅವರ ಯಜಮಾನರು, ಮಗ ಚಿದಂಬರ. ಕೆಳಗೆ ಬಾಡಿಗೆಗೆ ನಾವು: ರವಿಕೆ ಹೊಲಿಯುವ ನನ್ನ ಅಕ್ಕ, ಅವಳ ಮಗಳು ಹೈಮಾವತಿ, ನಾನು. ಭಾವ ಹೈಮ ಚಿಕ್ಕವಳಿದ್ದಾಗಲೇ ತೀರಿಕೊಂಡರು. ನಾನು ಮದುವೆಯಾಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಮೇಲಿನವರಿಗೂ ಕೆಳಗಿನವರಿಗೂ ತಾರಸಿ ಒಂದೇ. ನಮ್ಮದೇ ಅಂತ ಇದ್ದದ್ದು ಹಿತ್ತಿಲ ಕಡೆಗೆ ಚಾಚಿಕೊಂಡ ಅಡುಗೆಮನೆಯ ಹೆಂಚಿನ ಸೂರು. ಹೊಗೆ ಕುಡಿದು ಕಪ್ಪಾದ ಆ ಹೆಂಚಿನ ಮೇಲೆ ಕಾಗೆ ಕೂಡ ಕೂರುವ ಮೊದಲು ಯೋಚನೆ ಮಾಡುತ್ತಿತ್ತು.

ಆ ವರ್ಷ ಚಿದಂಬರ, ಹೈಮ ಇಬ್ಬರೂ ಅರ್ಜಿ ಹಾಕಿದರು. ಒಂದೇ ತರಗತಿ, ಒಂದೇ ಬೆಂಚಿನ ಸಾಲು. ಚಿದಂಬರನಿಗೆ ಬೇಕಾಗಿದ್ದದ್ದು ಆನರ್ಸ್ ತರಗತಿಯ ಹೆಸರು. ಹೈಮಳಿಗೆ ಅದೂ ಬೇಕಿತ್ತು, ಅದಕ್ಕಿಂತ ಮೊದಲು ಸ್ಕಾಲರ್‌ಶಿಪ್ಪು ಬೇಕಿತ್ತು. ಅದಿಲ್ಲದೆ ಅವಳು ಆಚೆಯೂರಿನಲ್ಲಿ ಹಾಸ್ಟೆಲಿನ ಊಟ ಕಾಣುವ ಹಾಗಿರಲಿಲ್ಲ. ಅದು ಸಿಕ್ಕದಿದ್ದರೆ ನೇಕಾರರ ಸಹಕಾರ ಸಂಘದಲ್ಲಿ ಗುಮಾಸ್ತೆಯ ಕೆಲಸವೊಂದು ಕಾಯುತ್ತಿತ್ತು. ಅಕ್ಕ ಯಾರ್ಯಾರನ್ನೋ ಹಿಡಿದು ಅದನ್ನು ಹೊಂದಿಸಿದ್ದಳು. ಎಡವಟ್ಟೆಂದರೆ, ಸಂಘದವರು ಹುಡುಗಿಯನ್ನು ನೋಡಿ ಕೆಲಸಕ್ಕೆ ಕೂರಿಸಿಕೊಳ್ಳುವ ದಿನವೂ ಕಾಲೇಜಿನ ಸಂದರ್ಶನದ ದಿನವೂ ಒಂದೇ ಆಗಿತ್ತು. ಇಲ್ಲಿ ಹೋದರೆ ಅಲ್ಲಿಲ್ಲ. ಅಲ್ಲಿ ಹೋಗಿ ಬರಿಗೈಯಲ್ಲಿ ಬಂದರೆ ಎರಡೂ ಇಲ್ಲ.

ಒಂದು ಬೆಳಿಗ್ಗೆ ಹಿಟ್ಟಿನ ಹರಿವಾಣ ಹೊತ್ತು ಮೆಟ್ಟಿಲು ಹತ್ತಿದೆ. ತಾರಸಿಯ ಮೋಟುಗೋಡೆ ಇರಲಿಲ್ಲ. ಗೋಡೆ ಇತ್ತು, ಕಾಣುತ್ತಿರಲಿಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಬೆಳ್ಳಗೆ ಕತ್ತು ಮುದುರಿಕೊಂಡು ಕೂತಿದ್ದವು. ನೀರಿನ ತೊಟ್ಟಿಯ ಮೇಲೂ ಬಟ್ಟೆ ಒಣಹಾಕುವ ಗಳದ ಮೇಲೂ ಕೂತಿದ್ದವು. ನನಗೆ ಮೊದಲು ಬಂದದ್ದು ಸಿಟ್ಟು. ಹಪ್ಪಳದ ಗತಿಯೇನು? ಆಮೇಲೆ ಹೈಮಳ ಅರ್ಜಿ ನೆನಪಾಯಿತು. ಹರಿವಾಣ ಅಲ್ಲೇ ಇಟ್ಟು ಓಡಿ ಇಳಿದೆ.

ಅಷ್ಟರಲ್ಲಿ ಬೀದಿ ಸೇರಿತ್ತು. ಸೇರಿದವರೆಲ್ಲ ನಮ್ಮ ಬಾಗಿಲು ದಾಟಿಕೊಂಡು ಮಹಡಿಗೇ ಹತ್ತಿದರು. ಅವು ಚಿದಂಬರನ ಹಕ್ಕಿಗಳು ಎನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಮನೆ ಯಾರದೋ ಹಕ್ಕಿಯೂ ಅವರದೇ. ವಿಶಾಲಮ್ಮ ಬಂದವರಿಗೆಲ್ಲ ಸಜ್ಜಿಗೆ ಮಾಡಿ ಹಾಕಿದರು, ನಮಗೂ ಒಂದು ಬಟ್ಟಲು ಕಳಿಸಿದರು. ಕೆಟ್ಟವರಲ್ಲ. ಸಂತೋಷ ಹೆಚ್ಚಾಗಿ ಕಣ್ಣು ಸ್ವಲ್ಪ ಮಂಜಾಗಿತ್ತು, ಅಷ್ಟೇ. ಹೈಮ ಬಟ್ಟಲು ಕೈಗೆ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತು ತಿಂದಳು. ತಿಂದು ಮುಗಿಸಿ, ಹಕ್ಕಿಯ ಮೇಲೆ ಹೆಸರು ಬರೆದಿಲ್ಲವಲ್ಲ ಚಿಕ್ಕಮ್ಮ ಎಂದಳು. ನಗುತ್ತಲೇ ಅಂದಳು. ಅವಳ ಕಣ್ಣು ಮಾತ್ರ ಮೇಲೇ ಇತ್ತು.

ಹೆಡ್‌ಮಾಸ್ತರರಿಗೆ ಪೇಚಾಟಕ್ಕಿಟ್ಟುಕೊಂಡಿತು. ಕೊಡೆ ಹಿಡಿದು ಮನೆಯ ಮುಂದೆ ಬಹಳ ಹೊತ್ತು ನಿಂತರು. ಒಂದು ಸೂರು, ಇಬ್ಬರು ಮಕ್ಕಳು, ಹಿಂದೆ ಇಂಥದು ಆಗಿರಲಿಲ್ಲ. ಕೊನೆಗೆ ಇಬ್ಬರಿಗೂ ಬಸ್ಸಿನಲ್ಲಿ ಜಾಗ ಹಿಡಿದಿರುತ್ತೇನೆ, ನೀವೇ ಯೋಚನೆ ಮಾಡಿ ಎಂದು ನಮ್ಮ ಕಡೆ ನೋಡದೆ ಹೇಳಿ ಹೊರಟರು.

ಅಕ್ಕ ಯೋಚನೆ ಮಾಡಿದಳು. ಹೊಲಿಗೆ ಯಂತ್ರ ತುಳಿಯುತ್ತಾ ಮಾಡಿದಳು, ಅನ್ನ ಬಸಿಯುತ್ತಾ ಮಾಡಿದಳು. ಅವಳದು ತಪ್ಪೆಂದು ನಾನು ಹೇಳಲಾರೆ. ಕೈಗೆ ಬಂದ ಕೆಲಸ ಬಿಟ್ಟು ಇನ್ನೊಬ್ಬರ ಹಕ್ಕಿ ನಂಬಿಕೊಂಡು ಹೋಗು ಎಂದು ಯಾವ ತಾಯಿ ಹೇಳುತ್ತಾಳೆ? ಒಂದು ದಿನ ನನ್ನನ್ನು ಹಿತ್ತಿಲಿಗೆ ಕರೆದಳು. ವಿಶಾಲಮ್ಮನವರ ತವರಿನಲ್ಲಿ ನಾಮಕರಣವಂತೆ, ಮೂವರೂ ಹೋಗಿ ಒಂದು ರಾತ್ರಿ ಅಲ್ಲೇ ಇದ್ದು ಬರುತ್ತಾರಂತೆ.

"ಚಿದಂಬರ ಅಲ್ಲಿ ಮಲಗಿದ್ರೆ ಅವನ ಹಕ್ಕಿ ಅಲ್ಲಿಗೇ ಹೋಗ್ತವೆ ಅಲ್ವೇನೆ ಸುಂದ್ರಿ? ಇಲ್ಲಿ ಉಳಿದಿದ್ದು ನಮ್ಮ ಹೈಮಂದು. ಒಂದು ನಾಲ್ಕು ಉಳಿದ್ರೂ ಸಾಕು, ಸಂಘದವರಿಗೆ ಬರಲ್ಲ ಅಂತ ಹೇಳ್ತೀನಿ. ಒಂದೂ ಉಳೀಲಿಲ್ಲ ಅಂದ್ರೆ ಕಳ್ಸಲ್ಲ. ನೀನು ಹೇಗಿದ್ರೂ ಮೇಲಿರ್ತೀಯ, ನೋಡಿ ಹೇಳು."

ನೀನೇ ನೋಡು ಎಂದೆ. ಅವಳಿಗೆ ಧೈರ್ಯವಿರಲಿಲ್ಲ. ಅವತ್ತು ಮದುವೆ ಮನೆಯೊಂದಕ್ಕೆ ರವಿಕೆ ತಲುಪಿಸುವ ನೆಪ ಮಾಡಿಕೊಂಡು ಬೆಳಗಾಗುತ್ತಲೇ ಹೊರಬಿದ್ದಳು. ಹೈಮ ಶಾಲೆಗೆ ಹೋಗಿದ್ದಳು. ಸಂದರ್ಶನದಲ್ಲಿ ಹೇಗೆ ಮಾತಾಡಬೇಕು ಎಂದು ಹೆಡ್‌ಮಾಸ್ತರರು ಹೇಳಿಕೊಡುತ್ತಿದ್ದರು.

ಮೇಲಿನವರು ಜಟಕಾ ಹತ್ತಿದ್ದನ್ನು ತಾರಸಿಯಿಂದಲೇ ನೋಡಿದೆ. ವಿಶಾಲಮ್ಮ ಕತ್ತೆತ್ತಿ ಮನೆ ಕಡೆ ಜೋಪಾನ ಎಂದರು. ಜಟಕಾ ಹೊರಟಿತು. ಹಕ್ಕಿಗಳು ಕೂತೇ ಇದ್ದವು. ನನಗೆ ಉಸಿರು ಬಂತು. ಹಿಟ್ಟು ಉಂಡೆ ಮಾಡಿ ಲಟ್ಟಿಸಲು ಶುರುಮಾಡಿದೆ, ಒಂದೆರಡು ಹಪ್ಪಳ ಚಾಪೆಗೆ ಹಾಕಿದೆ ಕೂಡ. ಜಟಕಾ ಬೀದಿಯ ತಿರುವು ದಾಟಿತೋ ಇಲ್ಲವೋ, ಒಗೆದ ಪಂಚೆ ಕೊಡವಿದ ಹಾಗೆ ಸದ್ದಾಯಿತು. ಅಷ್ಟೂ ಹಕ್ಕಿಗಳು ಒಟ್ಟಿಗೆ ಎದ್ದಿದ್ದವು. ತಲೆಯ ಮೇಲೆ ಒಂದು ಸಲ ನೆರಳು ಹಾದು ಹೋಯಿತು. ಅವು ಜಟಕಾ ಹೋದ ದಾರಿಯ ಮೇಲೆಯೇ ಹೋದವು, ಸಣ್ಣಗಾದವು, ಕಾಣದಾದವು.

ಗೋಡೆ ನೋಡಿದೆ, ತೊಟ್ಟಿಯ ಹಿಂದೆ ನೋಡಿದೆ. ಹುಚ್ಚಿಯ ಹಾಗೆ ಬಗ್ಗಿ ಮೆಟ್ಟಿಲ ಕೆಳಗೂ ನೋಡಿದೆ. ಒಂದು ಹಕ್ಕಿಯೂ ಇರಲಿಲ್ಲ. ನಾನು ಇಷ್ಟು ವರ್ಷ ಬೈದು, ಕೈಬೀಸಿ ಓಡಿಸಲು ನೋಡಿದ ಹಕ್ಕಿಗಳು ಕೊನೆಗೂ ಹೋಗಿದ್ದವು. ಅಲ್ಲೇ ಚಾಪೆಯ ಪಕ್ಕ ಕೂತು ಅತ್ತುಬಿಟ್ಟೆ. ಆ ಮಗು ಎಲ್ಲರೂ ಎದ್ದೇಳುವ ಮುಂಚೆ ನನ್ನ ಜೊತೆ ಹಿಟ್ಟು ಕುಟ್ಟಿ, ಕುಟ್ಟುತ್ತಲೇ ಬಾಯಲ್ಲಿ ಲೆಕ್ಕ ಬಿಡಿಸಿ ಬೆಳೆದದ್ದು. ಅವಳಿಗೆ ಒಂದು, ಕಾಲು ಮುರಿದದ್ದೇ ಆಗಲಿ, ಒಂದು ಹಕ್ಕಿ ಉಳಿಯಬಾರದಿತ್ತೇ? ಹೊಟ್ಟೆಕಿಚ್ಚು ಎನ್ನಿ ಏನಾದರೂ ಎನ್ನಿ, ಆ ಗಳಿಗೆಯಲ್ಲಿ ಚಿದಂಬರನ ಮೇಲೂ ನನಗೆ ಸಿಟ್ಟು ಬಂದಿತ್ತು. ಪಾಪ, ಅವನೇನು ಮಾಡಿದ್ದ.

ಅತ್ತು ಮುಗಿಸಿ, ಹಿಟ್ಟು ಹಾಳಾಗಬಾರದಲ್ಲ ಎಂದು ಎಲ್ಲ ಲಟ್ಟಿಸಿ ಹಾಕಿದೆ. ಬಿಸಿಲು ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಹಪ್ಪಳ ಗರಿಗರಿ ಒಣಗಿದವು. ಒಂದರ ಮೇಲೂ ಒಂದು ಕಲೆಯಿಲ್ಲ. ಆ ಬೇಸಿಗೆಯಲ್ಲಿ ಅಷ್ಟು ಚೊಕ್ಕಟವಾದ ಹಪ್ಪಳ ನಮ್ಮ ತಾರಸಿಯಲ್ಲಿ ಒಮ್ಮೆಯೂ ಒಣಗಿರಲಿಲ್ಲ. ಆಗ ನನಗೆ ಹೊಳೆಯಿತು. ನಾನು ಬಾಯಲ್ಲಿ ಏನೇ ಹೇಳಿದರೂ ಅಕ್ಕ ಮೊದಲು ನೋಡುವುದು ಈ ಹಪ್ಪಳವನ್ನು. ಹಕ್ಕಿ ಉಳಿದಿದ್ದರೆ ಹಪ್ಪಳ ಇಷ್ಟು ಚೊಕ್ಕಟವಾಗಿ ಇರುವುದುಂಟೇ? ಅಂದರೆ, ಸುಳ್ಳು ಹೇಳಬೇಕೆಂದು ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು ಎಂದಾಯಿತು.

ಸೊಂಟದಿಂದ ಎಲೆ ಅಡಿಕೆಯ ಚೀಲ ತೆಗೆದೆ. ಸುಣ್ಣದ ಡಬ್ಬಿಯಿಂದ ಸುಣ್ಣ ಕೆರೆದು ಅಂಗೈಯಲ್ಲಿ ನೀರು ಬೆರೆಸಿ ತೆಳ್ಳಗೆ ಮಾಡಿದೆ. ಬೆರಳದ್ದಿ ಹಪ್ಪಳಗಳ ಮೇಲೆ ಹನಿಸಿದೆ. ಒಂದು ಚಾಪೆ ಪೂರ್ತಿ. ಹಕ್ಕಿಗಳನ್ನು ಶಪಿಸಿಕೊಂಡೇ ಬದುಕು ಕಳೆದವಳು ನಾನು, ಅವತ್ತು ಅವುಗಳ ಕೆಲಸವನ್ನು ನಾನೇ ಕೂತು ಮಾಡಿದೆ. ಎರಡನೆಯ ಚಾಪೆ ಬಿಟ್ಟೆ. ಅರ್ಧ ಗೋಡೆ ಉಳಿಯಿತು ಎಂದು ಹೇಳಿದರೆ ಸಾಕಲ್ಲ.

ಸಂಜೆ ಅಕ್ಕ ಬಂದಳು. ಏನನ್ನೂ ಕೇಳಲಿಲ್ಲ, ನಾನು ಜಗಲಿಗೆ ತಂದಿಟ್ಟ ಚಾಪೆಯನ್ನು ನೋಡಿದಳು. ನೋಡಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಅರ್ಧ ಗೋಡೆ ಉಳಿದಿತ್ತು, ಇದೀಗ ಕೆರೆಗೆ ಹೋದವು ಎಂದೆ. ನಾಲಿಗೆ ತೊದಲಲಿಲ್ಲ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಪ್ಪಲಿ ಕೂಡ ಬಿಚ್ಚದೆ ಸಂಘದವರ ಮನೆಗೆ ಹೊರಟಳು, ನಮ್ಮ ಹುಡುಗಿ ಬರುವುದಿಲ್ಲ ಎಂದು ಹೇಳಿಬರಲು. ಅವಳು ಬೀದಿ ದಾಟುವುದನ್ನು ನೋಡುತ್ತಾ ನಿಂತೆ. ಕೂಗಿ ಕರೆಯೋಣವೇ ಎನ್ನಿಸಿತು. ಕರೆಯಲಿಲ್ಲ.

ಹೈಮ ಬಂದಾಗ ದೀಪ ಹಚ್ಚುವ ಹೊತ್ತು. ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದು ಹಪ್ಪಳ ಎತ್ತಿ ನೋಡಿದಳು, ಇಟ್ಟಳು. ಇನ್ನೊಂದು ಎತ್ತಿದಳು. ಅರ್ಧ ಗೋಡೆ ಎಂದು ಅವಳಿಗೂ ಹೇಳಿದೆ. ಹೌದಾ ಚಿಕ್ಕಮ್ಮ ಎಂದಳು. ಅಷ್ಟೇ. ಕೆಟ್ಟ ಹಪ್ಪಳಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಹಿತ್ತಿಲಿಗೆ ಒಯ್ದಳು. ಅವತ್ತು ಊಟ ಬೇಗ ಮುಗಿಸಿ ಪುಸ್ತಕ ಹಿಡಿದಳು.

ಮಾರನೆಯ ದಿನ ಮೇಲಿನವರು ಹಕ್ಕಿಗಳ ಸಮೇತ ವಾಪಸಾದರು. ನಮ್ಮದೂ ಉಂಟಂತೆ ಎಂದು ಅಕ್ಕ ಹೆಮ್ಮೆಯಿಂದ ಹೇಳಿದ್ದನ್ನು ಕೇಳಿ ವಿಶಾಲಮ್ಮನ ಮುಖ ಒಂದು ಕ್ಷಣ ಸಣ್ಣದಾಯಿತು, ಆಮೇಲೆ ಒಳ್ಳೆಯದಾಯ್ತಲ್ಲ ಬಿಡಿ ಎಂದರು. ಸಂದರ್ಶನದ ದಿನ ತಮ್ಮದೇ ಒಂದು ಹಸಿರಂಚಿನ ಸೀರೆಯನ್ನು ಹೈಮಳಿಗೆ ಉಡಲು ಕೊಟ್ಟರು. ಬಸ್ಸು ಹೊರಟಾಗ ಚಿದಂಬರ ಕಿಟಕಿಯಿಂದ ಎಲ್ಲರಿಗೂ ಕೈಬೀಸಿದ. ಹೈಮ ಬೀಸಲಿಲ್ಲ, ನನ್ನೊಬ್ಬಳನ್ನೇ ನೋಡುತ್ತಿದ್ದಳು. ನಾನು ಮುಖ ತಿರುಗಿಸಿ ಯಾರೊಡನೆಯೋ ಮಾತಿಗಿಳಿದೆ.

ಆ ದಿನವನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹಿಟ್ಟಿಗೆ ಉಪ್ಪು ಎರಡು ಸಲ ಹಾಕಿದೆ. ಸಂದರ್ಶನ ಮಾಡುವವರ ಮುಂದೆ ಮಗು ತಲೆ ತಗ್ಗಿಸಿ ನಿಂತ ಹಾಗೆ, ಹೊರಗೆ ಬಂದು ಗೋಡೆಗೆ ಒರಗಿ ಅತ್ತ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಸಂಜೆ ಬಸ್ಸಿನಿಂದ ಇಳಿದಾಗ ಅತ್ತ ಗುರುತೇನೂ ಇರಲಿಲ್ಲ. ತುಂಬ ಹಸಿವಾಗಿದೆ ಎಂದಳು. ಏನು ಕೇಳಿದರು ಎಂದು ಅಕ್ಕ ಕೇಳಿದಾಗ, ಊರಿನ ವಿಷಯ ಕೇಳಿದರು, ಹೇಳಿದೆ ಎಂದಳು. ಚಿದಂಬರ ಮಹಡಿಯಲ್ಲಿ ಎಲ್ಲರಿಗೂ ಕೇಳಿಸುವಂತೆ ತನ್ನ ಉತ್ತರಗಳನ್ನು ಒಪ್ಪಿಸುತ್ತಿದ್ದ. ಇವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡು ಮಲಗಿದಳು.

ಮರುದಿನ ಬೆಳಿಗ್ಗೆ ಹಿತ್ತಿಲಿಗೆ ನೀರು ಚೆಲ್ಲಲು ಹೋದವಳು ಕೊಡ ಹಿಡಿದ ಹಾಗೆಯೇ ನಿಂತೆ. ಅಡುಗೆಮನೆಯ ಕಪ್ಪು ಹೆಂಚಿನ ಮೇಲೆ ಒಂದು ಬೆಳ್ಳಕ್ಕಿ ಕೂತಿತ್ತು. ಒಂದೇ ಒಂದು. ಒಲೆ ಹೊತ್ತಿತ್ತು, ಹೊಗೆ ಅದರ ಮೈಮೇಲೆಯೇ ಹಾಯುತ್ತಿತ್ತು. ಅದು ಕಣ್ಣು ಕಿರಿದು ಮಾಡಿಕೊಂಡು ಕಾಲು ಬದಲಾಯಿಸಿ ಕೂತಿತು, ಏಳಲಿಲ್ಲ. ಮೇಲೆ ತಾರಸಿಯಲ್ಲಿ ಅಷ್ಟು ಅಗಲದ ಗೋಡೆ ಇರುವಾಗ ಈ ಮಸಿ ಹೆಂಚಿಗೆ ಯಾವ ಹಕ್ಕಿ ಬಂದೀತು?

ಅಕ್ಕ ಬಂದು ನೋಡಿ, ಮೇಲಿನ ಗುಂಪಿನದೊಂದು ದಾರಿ ತಪ್ಪಿರಬೇಕು ಎಂದು ಒಳಗೆ ಹೋದಳು. ಅವಳ ಪಾಲಿಗೆ ಮಗಳದು ಅರ್ಧ ಗೋಡೆ ಆಗಲೇ ಇತ್ತು, ಈ ಒಂಟಿ ಹಕ್ಕಿ ಯಾವ ಲೆಕ್ಕ? ನನಗೆ ಕುಣಿಯುವಷ್ಟು ಸಂತೋಷ. ಹೇಳಿಕೊಂಡರೆ ಸುಣ್ಣದ ಕಥೆಯೂ ಹೊರಗೆ ಬೀಳುತ್ತದೆ. ಹೀಗೆ ಬಾಯಿ ಬಿಗಿಹಿಡಿದುಕೊಂಡು ನಿಂತಿರುವಾಗ ಹೈಮ ಹಲ್ಲುಜ್ಜುತ್ತಾ ಬಂದಳು. ಹೆಂಚಿನ ಕಡೆ ನೋಡಿದಳು. ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತಳು.

"ಇದು ನಂದು ಚಿಕ್ಕಮ್ಮ. ಮೇಲಿನವು ನಂದಾಗಿರ್ಲಿಲ್ಲ."

ನಾನು ಕೊಡ ಕೆಳಗಿಟ್ಟೆ.

"ಹಕ್ಕಿ ಹಾಕಿದ್ರೆ ಎಲ್ಲೆಂದ್ರಲ್ಲಿ ಬೀಳತ್ತೆ. ನೀನು ಹಪ್ಪಳಕ್ಕೊಂದು ಚುಕ್ಕೆ ಇಟ್ಟಿದ್ದೆ, ರಂಗೋಲಿಗೆ ಇಟ್ಟ ಹಾಗೆ, ಸಾಲಾಗಿ. ಒಂದು ಹಪ್ಪಳನೂ ಬಿಟ್ಟಿರ್ಲಿಲ್ಲ."

ದಿನವೂ ಬೆಳಗಾಗೆದ್ದು ಬಾಗಿಲಿಗೆ ಚುಕ್ಕಿ ಇಡುವ ಕೈ ಇದು. ಗಾಬರಿಯಲ್ಲಿ ತನ್ನ ಅಭ್ಯಾಸದಂತೆ ಇಟ್ಟುಬಿಟ್ಟಿತ್ತು. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗೊತ್ತಿದ್ದೂ ಯಾಕೆ ಹೋದೆ ಎಂದು ಕೇಳಿದೆ. ಕೆಲಸವೂ ಹೋಯಿತಲ್ಲ, ಅವತ್ತೇ ನನ್ನನ್ನು ಬೈದು ಅಮ್ಮನಿಗೆ ಹೇಳಬಾರದಿತ್ತೇ ಎಂದೆ.

"ಹೇಳೋಣ ಅಂತಲೇ ಬುಟ್ಟಿ ತಗೊಂಡು ಎದ್ದೆ. ಹಿತ್ಲಿಗೆ ಹೋಗಿ ಸುರಿಯೋವಾಗ ನೋಡ್ದೆ, ಬುಟ್ಟಿ ತುಂಬ ಒಳ್ಳೇ ಹಪ್ಪಳ. ಒಂದು ಹಪ್ಪಳದ ತುದಿ ಸುಕ್ಕಾದ್ರೆ ನನ್ನ ಕೈ ಮೇಲೆ ಹೊಡೀತಿದ್ದೋಳು ನೀನು. ಇಷ್ಟನ್ನೂ ಹಾಳು ಮಾಡ್ಕೊಂಡಿದೀಯ. ಇನ್ನು ನಾನು ಹೋಗ್ದೆ ಇದ್ರೆ ಅದಷ್ಟೂ ದಂಡ ಅನ್ನಿಸ್ತು. ಅದಕ್ಕೆ ಹೋದೆ."

ಆಮೇಲೆ ಸಂದರ್ಶನದಲ್ಲಿ ನಡೆದದ್ದನ್ನು ಹೇಳಿದಳು. ನಿಮ್ಮೂರಿನಿಂದ ಪ್ರತಿ ವರ್ಷ ಇಷ್ಟೇ ಜನ ಯಾಕೆ ಬರುತ್ತೀರಿ, ಬಾಕಿಯವರು ಓದುವುದಿಲ್ಲವೇ ಎಂದು ಅಲ್ಲಿನ ಒಬ್ಬ ವಯಸ್ಸಾದ ಮೇಡಮ್ಮು ಕೇಳಿದರಂತೆ. ಇವಳು ಬೆಳ್ಳಕ್ಕಿಯ ವಿಷಯ ಹೇಳಿದಳಂತೆ. ಹಕ್ಕಿಯಿಲ್ಲದವರು ಗೆದ್ದದ್ದನ್ನು ನಮ್ಮೂರು ಕಂಡಿಲ್ಲ ಎನ್ನುತ್ತಾರೆ, ಆದರೆ ಹಕ್ಕಿಯಿಲ್ಲದವರು ಬಂದದ್ದನ್ನೇ ಯಾರೂ ಕಂಡಿಲ್ಲ, ಬಾರದವರನ್ನು ಬಿಟ್ಟು ಹಾಕಿದ ಲೆಕ್ಕ ಲೆಕ್ಕವೇ ಎಂದು ಅವರನ್ನೇ ಕೇಳಿದಳಂತೆ. ನಿನ್ನ ಸೂರಿನ ಮೇಲೆ ಎಷ್ಟಿವೆ ಎಂದು ಅವರು ಕೇಳಿದ್ದಕ್ಕೆ, ಒಂದೂ ಇಲ್ಲ ಎಂದಳಂತೆ. ಆಗ ಅವರು ಕನ್ನಡಕ ತೆಗೆದು ಕೆಳಗಿಟ್ಟು, ಕುರ್ಚಿ ಮುಂದಕ್ಕೆಳೆದುಕೊಂಡು ಗಣಿತದ ಪ್ರಶ್ನೆ ಕೇಳಲು ಶುರುಮಾಡಿದರಂತೆ. ಕೆಲವಕ್ಕೆ ಉತ್ತರ ಬಂತು, ಕೆಲವಕ್ಕೆ ಬರಲಿಲ್ಲ ಎಂದಳು.

ಫಲಿತಾಂಶವನ್ನು ನಮ್ಮೂರಿಗೆ ತರುವವನು ಬಸ್ಸಿನ ಕಂಡಕ್ಟರು. ಕಾಲೇಜಿನ ಗೋಡೆಗೆ ಅಂಟಿಸಿದ್ದನ್ನು ಓದಿಕೊಂಡು ಬಂದು, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೆಸರು ಕೂಗುತ್ತಾನೆ. ಆ ದಿನ ಆನರ್ಸ್ ತರಗತಿಗೆ ಚಿದಂಬರನ ಹೆಸರು ಕೂಗಿದ. ಹೈಮಳ ಹೆಸರು ಅದರಲ್ಲಿ ಇರಲಿಲ್ಲ. ಅಕ್ಕ ನನ್ನ ತೋಳು ಹಿಡಿದುಕೊಂಡಳು, ಉಗುರು ನಾಟುವಷ್ಟು. ಕಂಡಕ್ಟರು ನೀರು ಕುಡಿದ, ಬೆವರು ಒರೆಸಿಕೊಂಡ. ಅವನ ಆ ನೆಮ್ಮದಿಗೆ ಬೆಂಕಿ ಹಾಕ ಎಂದುಕೊಂಡೆ. ಆಮೇಲೆ ಸ್ಕಾಲರ್‌ಶಿಪ್ಪಿನ ಹೆಸರು ಓದಿದ. ಹೈಮಾವತಿ ಎಂದ. ಸಾಮಾನ್ಯ ತರಗತಿಗೆ ಫೀಜೂ ಹಾಸ್ಟೆಲೂ ಪೂರ್ತಿ, ಮೊದಲ ವರ್ಷ ಚೆನ್ನಾಗಿ ಮಾಡಿದರೆ ಆನರ್ಸಿಗೆ ದಾಟಬಹುದು. ಅಕ್ಕ ಅಲ್ಲೇ ಬಸ್ ನಿಲ್ದಾಣದಲ್ಲಿ, ನಾನು ಹೇಳಿರಲಿಲ್ಲವೇ ಅರ್ಧ ಗೋಡೆ ಅಂದರೆ ಸಾಮಾನ್ಯವೇ ಎಂದು ಸಿಕ್ಕಿದವರಿಗೆಲ್ಲ ಹೇಳತೊಡಗಿದಳು. ಅವಳಿಗೆ ನಿಜ ಇವತ್ತಿಗೂ ಗೊತ್ತಿಲ್ಲ. ಹೈಮ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮರುವರ್ಷ ಬೇಸಿಗೆ ಬಂತು, ಬೆಳ್ಳಕ್ಕಿ ಬಂದವು. ನಮ್ಮ ಮನೆಯಲ್ಲಾಗಲಿ ಅಕ್ಕಪಕ್ಕದಲ್ಲಾಗಲಿ ಅರ್ಜಿದಾರರು ಯಾರೂ ಇಲ್ಲದೆ ಹಪ್ಪಳ ಚೊಕ್ಕಟವಾಗಿ ಒಣಗುತ್ತಿದ್ದವು. ಹೈಮ ರಜಕ್ಕೆ ಮನೆಗೆ ಬಂದಿದ್ದಳು. ಹೆಡ್‌ಮಾಸ್ತರರು ಕೊಡೆ ಹಿಡಿದು ಸುತ್ತಿ ಹೋದ ಮಧ್ಯಾಹ್ನ, ನೇಕಾರರ ಬೀದಿಯ ಕೆಂಚಮ್ಮ ಹಪ್ಪಳಕ್ಕೆಂದು ಬಂದಳು. ಹಪ್ಪಳ ತೆಗೆದುಕೊಂಡ ಮೇಲೂ ಹೋಗಲಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಅವಳ ಮಗಳು ನೀಲ ಓದಿನಲ್ಲಿ ಚುರುಕು ಎಂದು ಹೈಮ ಹೇಳುತ್ತಿದ್ದಳು. ಅವರ ಸೂರಿನ ಮೇಲೆ ಒಂದು ಹಕ್ಕಿಯೂ ಕೂತಿರಲಿಲ್ಲ. ಖಾಲಿಯಿದ್ದರೂ ಕಳಿಸಿ, ಹೋದ ಮೇಲೂ ಹಕ್ಕಿ ಬರುತ್ತದೆ ಎಂದು ಹೈಮ ಅವಳಿಗೆ ಬಿಡಿಸಿ ಹೇಳಿದಳು. ಕೆಂಚಮ್ಮ ಎಲ್ಲಕ್ಕೂ ತಲೆಯಾಡಿಸಿದಳು.

"ನಂಗೆ ತಿಳೀತು ಕಣವ್ವ. ನಮ್ಮೆಜಮಾನ್ರು ಒಪ್ಪಬೇಕಲ್ಲ. ಸೂರು ನೋಡ್ದೆ ಅವರು ಒಂದು ಮಾತೂ ಕೇಳಲ್ಲ."

ಹೈಮ ನನ್ನ ಕಡೆ ನೋಡಿದಳು. ನಾನು ಲಟ್ಟಣಿಗೆ ಕೆಳಗಿಟ್ಟು, ಕೈಯ ಹಿಟ್ಟು ಒರೆಸಿಕೊಂಡೆ. ಎಲೆ ಅಡಿಕೆಯ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತುಂಬ ಇದೆಯೇ ಎಂದು ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಿಮ್ಮೆಜಮಾನರು ಮಗ್ಗದಿಂದ ಏಳುವುದು ಎಷ್ಟು ಹೊತ್ತಿಗೆ ಎಂದು ಕೆಂಚಮ್ಮನನ್ನು ಕೇಳಿದೆ. ಸಂಜೆಗೆ ಎಂದಳು. ಮಗಳಿಗೆ ನಿಜ ಹೇಳು, ಗಂಡನಿಗೆ ಹೇಳಬೇಡ ಎಂದು ಅವಳನ್ನು ಮುಂದೆ ಮಾಡಿಕೊಂಡು ಮೆಟ್ಟಿಲಿಳಿದೆ.

ಹಿಂದಿನಿಂದ ಹೈಮ ಕೂಗಿದಳು:

"ಸಾಲಾಗಿ ಇಡಬೇಡ ಚಿಕ್ಕಮ್ಮ."